ಸಾಧಾರಣ ಅಂಕ, ಸರಿಯಾದ ಕಾಲೇಜು

ಕಾಲೇಜು ಆರಂಭವಾದ ಒಂದೆರಡು ತಿಂಗಳಲ್ಲೇ ತಲೆನೋವು, ಹೊಟ್ಟೆನೋವು, ನಿದ್ದೆಯಿಲ್ಲ ಎಂದು ಮಕ್ಕಳನ್ನು ದವಾಖಾನೆಗೆ ಕರೆತರುವ ಪಾಲಕರುಂಟು. ಪರೀಕ್ಷಿಸಿದರೆ ಕೆಲವರಲ್ಲಿ ದೈಹಿಕ ದೋಷವೇನೂ ಕಾಣದು. ವಿಚಾರಿಸಿದರೆ, ಎಸ್ಸೆಸ್ಸೆಲ್ಸಿಯಲ್ಲಿ ಸಾಧಾರಣ ಅಂಕ ಪಡೆದ ಹುಡುಗನನ್ನು ನೆಂಟರ ಮಕ್ಕಳನ್ನು ನೋಡಿ ವಿಜ್ಞಾನಕ್ಕೆ ಸೇರಿಸಿರುತ್ತಾರೆ. ಈ ನೋವು ನಟನೆಯಲ್ಲ. ಮನಸ್ಸಿನ ಒತ್ತಡವೇ ದೇಹದಲ್ಲಿ ನೋವಾಗುತ್ತದೆ.

ಆದ್ದರಿಂದ ಅರ್ಜಿ ತರುವ ಮೊದಲು ಮಗುವಿನ ಒಲವನ್ನು ಕೇಳಿ. ಯಂತ್ರದ ಕೆಲಸ ಇಷ್ಟವಿದ್ದರೆ ಐ.ಟಿ.ಐ. ಇದೆ, 3 ವರ್ಷದ ಡಿಪ್ಲೊಮಾ ಇದೆ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ 2ನೇ ವರ್ಷಕ್ಕೇ ಸೇರಬಹುದು. ವಾಣಿಜ್ಯ, ಕಲಾ ವಿಭಾಗಗಳೂ ಕೀಳಲ್ಲ.

ಕಾಲೇಜನ್ನು ಮಗುವಿನೊಂದಿಗೆ ಹೋಗಿ ನೋಡಿ. ಮಲೆಬೆನ್ನೂರಿನಿಂದ ದಾವಣಗೆರೆಗೆ ನಿತ್ಯ ಬಸ್ಸಿನಲ್ಲಿ ಓಡಾಡಿ, ಟ್ಯೂಷನ್ನಿಗೂ ಹೋದರೆ ಊಟ, ನಿದ್ದೆಗೆ ವೇಳೆಯೆಲ್ಲಿ? ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಅವಶ್ಯ. ಅದೇ ಓದು ಹರಿಹರದಲ್ಲೇ ಸಿಗುವುದಾದರೆ ಹೆಸರಿಗಾಗಿ ದೂರ ಕಳಿಸಬೇಡಿ.

ಸೇರಿಸಿದ ಮೇಲೂ ಮಗು ಮಂಕಾದರೆ, ಊಟ ಬಿಟ್ಟರೆ ಗದರಿಸದೆ ಮಾತನಾಡಿಸಿ. ‘ಬದುಕೇ ಬೇಡ’ ಎಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆತನ್ನಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕಾಲೇಜು ಬದಲಿಸಿದರೆ ಹೋಗುವುದು ಒಂದು ವರ್ಷ ಮಾತ್ರ.