ಗೇರ್ ಬಾಕ್ಸ್ ಬಿಚ್ಚಿಸುವ ಮೊದಲು ಚಕ್ರ ನೋಡಿ

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟು ಉದ್ಯಮಬಾಗ ದಾಟಿದರೆ ಪೀರನವಾಡಿ. ಅಲ್ಲಿ ದಾರಿ ಒಡೆಯುತ್ತದೆ. ಒಂದು ಮಚ್ಛೆಯ ಮೇಲೆ ಖಾನಾಪುರಕ್ಕೆ, ಇನ್ನೊಂದು ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ. ಗೋವಾಕ್ಕೆ ತರಕಾರಿ ಒಯ್ಯುವ, ಖಾನಾಪುರದಿಂದ ಹಂಚು, ಇಟ್ಟಿಗೆ ತರುವ ಪಿಕಪ್‌ಗಳು ದಿನವಿಡೀ ಇಲ್ಲಿ ಓಡಾಡುತ್ತವೆ. ಹೆಚ್ಚಿನವು ಕ್ಲಚ್ ತುಳಿದು ಗೇರ್ ಹಾಕುವ ಗಾಡಿಗಳೇ. ಆದರೆ 2019ರಲ್ಲಿ ಇಸುಜು ವಿ-ಕ್ರಾಸ್ ಆಟೋಮ್ಯಾಟಿಕ್ ಬಂತು, 2022ರಲ್ಲಿ ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಟೊಯೊಟಾ ಹೈಲಕ್ಸ್ ಬಂತು. ಇಂಥ ಗಾಡಿಗಳು ಈಗ ಹಳತಾಗಿ ಎರಡನೆಯವರ, ಮೂರನೆಯವರ ಕೈ ಸೇರುತ್ತಿವೆ. ಕೈ ಬದಲಾಗುವಾಗ ಟೈರು ದಪ್ಪವಾಗುತ್ತದೆ, ರಿಮ್ ಬದಲಾಗುತ್ತದೆ. ಆಮೇಲೆ ಗ್ಯಾರೇಜಿನಲ್ಲಿ ಕೇಳುವ ಮಾತು ಒಂದೇ: "ಎಂಬತ್ತಕ್ಕ ಹೋದ್ರ ಗಾಡಿ ನಡಗತೈತ್ರಿ, ಗೇರ್ ಬಾಕ್ಸ್ ಹೋಗಿರಬೇಕು."

ಹೋಗಿರಬಹುದು. ಆದರೆ ಆ ಸಂಶಯಕ್ಕೆ ಲಕ್ಷಗಟ್ಟಲೆ ಸುರಿಯುವ ಮೊದಲು ಕೆಲವು ನೂರು ರೂಪಾಯಿಯಲ್ಲಿ ಚಕ್ರ ಪರೀಕ್ಷಿಸಬಹುದು.

ಹೈಲಕ್ಸ್‌ಗೂ ಇಸುಜುವಿಗೂ ಆರಾರು ಬೋಲ್ಟು. ಆ ಬೋಲ್ಟುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ ಎರಡರಲ್ಲೂ 139.7 ಮಿ.ಮೀ. ಈ ವಿಚಿತ್ರ ಅಂಕಿ ಅಂಗುಲದ ಲೆಕ್ಕದಲ್ಲಿ ಸರಿಯಾಗಿ ಐದೂವರೆ. ಹಳೆಯ ವಿಲ್ಲಿಸ್ ಜೀಪಿನ ಐದು ಬೋಲ್ಟುಗಳಿಗೂ ಇದೇ ಅಳತೆ. ಬೋಲ್ಟು ಕೂತಿತೆಂದರೆ ರಿಮ್ ಹೊಂದಿತು ಎಂದು ನಂಬುವುದೇ ತಪ್ಪು. ಚಕ್ರ ನಡು ತಪ್ಪದಿರಲೆಂದು ರಿಮ್‌ನ ನಡುತೂತು ನಡುವಿನ ಹಬ್ ಮೇಲೆ ಬಿಗಿಯಾಗಿ ಕೂರುವಂತೆ ಮಾಡಿರುತ್ತಾರೆ. ಹೈಲಕ್ಸ್ ರಿಮ್‌ನ ನಡುತೂತು ಸುಮಾರು 106 ಮಿ.ಮೀ., ಇಸುಜುವಿನದು ಸುಮಾರು 100. ಇಸುಜು ರಿಮ್ ಹೈಲಕ್ಸ್‌ಗೆ ಹತ್ತುವುದೇ ಇಲ್ಲ. ಹೈಲಕ್ಸ್ ರಿಮ್ ಇಸುಜುವಿಗೆ ಸಲೀಸಾಗಿ ಹತ್ತುತ್ತದೆ, ಮೋಸ ಇರುವುದು ಅಲ್ಲೇ. ಸುತ್ತಲೂ 3 ಮಿ.ಮೀ. ಸಂದು ಉಳಿಯುತ್ತದೆ. ನಟ್ಟುಗಳನ್ನು ಒಂದು ಕಡೆಯಿಂದ ಬಿಗಿಯುತ್ತ ಹೋದರೆ ಚಕ್ರ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಅಂಥ ಚಕ್ರವನ್ನು ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿದರೆ ಸರಿ ಇದೆ ಎಂದೇ ತೋರಿಸುತ್ತದೆ, ಏಕೆಂದರೆ ಯಂತ್ರ ಅದನ್ನು ನಡುವಿನಿಂದ ಹಿಡಿದಿರುತ್ತದೆ. ಮಾಲೀಕನಿಗೆ ಗೇರ್ ಬಾಕ್ಸ್ ಮೇಲೆ ಅನುಮಾನ ಹುಟ್ಟುವುದು ಆಗಲೇ.

ಇಷ್ಟು ಸಣ್ಣ ಓರೆಗೆ ಇಷ್ಟೊಂದು ನಡುಕವೇ? 17 ಅಂಗುಲದ ರಿಮ್‌ನ ಅಂಚಿನಲ್ಲಿ 30 ಗ್ರಾಂ ಹೆಚ್ಚುಕಡಿಮೆಯಿದೆ ಎನ್ನಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ, ಆ 30 ಗ್ರಾಂ ಪ್ರತಿ ಸುತ್ತಿನಲ್ಲೂ 2 ಕೆಜಿ ತೂಕದಷ್ಟು ಬಲದಿಂದ ಹಬ್ಬನ್ನು ಜಗ್ಗುತ್ತದೆ. ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 40ರಲ್ಲಿ ಕಾಲು ಪಾಲು, ಆದ್ದರಿಂದ ಊರೊಳಗೆ ಗೊತ್ತೇ ಆಗುವುದಿಲ್ಲ. ಸ್ಪ್ರಿಂಗಿನ ಕೆಳಗೆ ಕುಣಿಯುವ ಚಕ್ರ, ಆಕ್ಸಲ್‌ಗಳ ಸಹಜ ಕಂಪನವೂ ಸೆಕೆಂಡಿಗೆ ಹತ್ತು, ಹದಿನೈದರ ಆಸುಪಾಸು. ಎರಡೂ ತಾಳ ಕೂಡಿದಾಗ ನಡುಕ ಹೆಚ್ಚುತ್ತದೆ, ವೇಗ ಮತ್ತಷ್ಟು ಏರಿದರೆ ಕೆಲವೊಮ್ಮೆ ತಾನೇ ಇಳಿಯುತ್ತದೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಇದೇ ಬೆಳಗಾವಿಯಲ್ಲಿ. ಹೈಲಕ್ಸ್ ಮಾರುವ ಕಂಪನಿಯ ಹೆಸರಿನಲ್ಲಿ ಇಂದಿಗೂ ಅವರ ಹೆಸರಿದೆ. ಚಕ್ರದ ಓರೆ ತೆಗೆಯುವ ವಿದ್ಯೆ ಈ ಊರಿಗೆ ಹೊಸದೇನಲ್ಲ.

ಇನ್ನು ಗೇರ್ ಬಾಕ್ಸ್. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಹಡಗಿಗಾಗಿ ಇದನ್ನು 1905ರಲ್ಲಿ ರೂಪಿಸಿದವನು ಜರ್ಮನಿಯ ಹರ್ಮನ್ ಫೋಟಿಂಗರ್. ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಬೀಸುತ್ತವೆ, ಎದುರಿನ ರೆಕ್ಕೆಗಳು ಆ ಹೊಡೆತಕ್ಕೆ ತಿರುಗುತ್ತವೆ. ನಡುವೆ ಲೋಹದ ಕೊಂಡಿ ಇಲ್ಲದ್ದರಿಂದ ಸ್ವಲ್ಪ ಜಾರಿಕೆ ಇದ್ದೇ ಇರುತ್ತದೆ, ಜಾರಿಕೆಯೆಲ್ಲ ಬಿಸಿಯಾಗುತ್ತದೆ. ಆ ನಷ್ಟ ತಪ್ಪಿಸಲು ಒಂದೇ ವೇಗದಲ್ಲಿ ಓಡುವಾಗ ಒಳಗಿನ ಲಾಕ್-ಅಪ್ ಕ್ಲಚ್ ಎರಡನ್ನೂ ಕಚ್ಚಿ ಹಿಡಿಯುತ್ತದೆ. ಎಣ್ಣೆ ಹಳಸಿದ್ದರೆ ಈ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಗಾಡಿಯನ್ನು ನಡುಗಿಸುತ್ತದೆ. ಅದೂ ಅರವತ್ತು, ಎಂಬತ್ತರ ವೇಗದಲ್ಲೇ! ಚಕ್ರದ ನಡುಕದೊಂದಿಗೆ ಕಲಸಿಹೋಗುವುದು ಇದೇ.

ಬೇರ್ಪಡಿಸುವ ಉಪಾಯ ಸುಲಭ. ಹಿಂದೆ ಗಾಡಿಗಳಿಲ್ಲದ ನೇರ ರಸ್ತೆಯಲ್ಲಿ ನಡುಕ ಬಂದಾಗ, ಆಕ್ಸಿಲರೇಟರ್ ಹಾಗೇ ಇಟ್ಟು ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಸಂಕೇತ ಸಿಕ್ಕೊಡನೆ ಲಾಕ್-ಅಪ್ ಬಿಡುತ್ತದೆ. ನಡುಕ ಥಟ್ಟನೆ ನಿಂತರೆ ದೋಷ ಕನ್ವರ್ಟರ್ ಕಡೆ. ಹಾಗೇ ಮುಂದುವರಿದರೆ ಚಕ್ರ, ಟೈರು, ಪ್ರೊಪೆಲ್ಲರ್ ಶಾಫ್ಟ್ ನೋಡಬೇಕು. ಸ್ಕ್ಯಾನರ್‌ನಲ್ಲಿ ಪಿ0741 ಎಂಬ ಕೋಡ್ ಬಂದರೆ ಲಾಕ್-ಅಪ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಚಕ್ರ ನೇರವಾಗಿ ಗೇರ್ ಬಾಕ್ಸನ್ನೇ ಕೆಡಿಸುವುದೂ ಉಂಟು. ಹೈಲಕ್ಸ್‌ಗೆ ಕಂಪನಿ ಕೊಟ್ಟ ಎರಡು ಟೈರುಗಳು 265/65 ಆರ್17 ಮತ್ತು 265/60 ಆರ್18. ಲೆಕ್ಕ ಹಾಕಿದರೆ ಹೊರ ವ್ಯಾಸ 776 ಮತ್ತು 775 ಮಿ.ಮೀ., ವ್ಯತ್ಯಾಸ ಬರೀ ಒಂದು ಮಿಲಿಮೀಟರ್. ಅದರ ಬದಲು 265/70 ಆರ್17 ಹಾಕಿದರೆ 803. ಮೊದಲು 80ರಲ್ಲಿ ಓಡುತ್ತಿದ್ದ ಗಾಡಿ ಮೀಟರಿನ ಅದೇ ಗೆರೆಯಲ್ಲಿ ಈಗ ಸುಮಾರು 83ರಲ್ಲಿ ಓಡುತ್ತದೆ. ಇಷ್ಟಕ್ಕೇ ಗೇರ್ ಬಾಕ್ಸ್ ಸಾಯುವುದಿಲ್ಲ. ಇದಕ್ಕಿಂತ ದೊಡ್ಡ, ಭಾರದ ಕೆಸರು ಟೈರು ಹಾಕಿ, ಹಿಂದೆ ಲೋಡು ತುಂಬಿ ಘಾಟು ಹತ್ತಿಸಿದಾಗ ಲಾಕ್-ಅಪ್ ಹಿಡಿಯದೆ ಕನ್ವರ್ಟರ್ ಜಾರುತ್ತಲೇ ಇರುತ್ತದೆ, ಎಣ್ಣೆ ಕಾಯುತ್ತದೆ. ಶಾಖ ಪ್ರತಿ 10 ಡಿಗ್ರಿ ಏರಿದಾಗ ಎಣ್ಣೆ ಕೆಡುವ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಒರಟು ಲೆಕ್ಕ.

ಆ ಎಣ್ಣೆಯ ಬಣ್ಣ ಬಹಳಷ್ಟು ಹೇಳುತ್ತದೆ. ಹೊಸದು ಸಾಮಾನ್ಯವಾಗಿ ಕೆಂಪು. ಕಂದಾಗಿ ಸುಟ್ಟ ವಾಸನೆ ಬಂದರೆ ಗೇರ್ ಬಾಕ್ಸ್ ಒಳಗಿನ ಕ್ಲಚ್ ಪ್ಲೇಟು ಸವೆದಿರಬಹುದು. ಹಾಲು ಬೆರೆತಂತೆ ಗುಲಾಬಿಯಾದರೆ ನೀರು ಸೇರಿದೆ, ಗಾಡಿ ಓಡಿಸಲೇಬೇಡಿ. ಖಾನಾಪುರದ ಮಳೆಗಾಲದಲ್ಲಿ ಇದು ಗಮನಿಸಬೇಕಾದ ಸಂಗತಿ. ಕಾದ ಗೇರ್ ಬಾಕ್ಸ್ ಹಳ್ಳದ ನೀರಿಗಿಳಿದು ಒಮ್ಮೆಲೇ ತಣಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿಯಾಡುವ ಸಣ್ಣ ನಳಿಕೆ ನೀರಲ್ಲಿ ಮುಳುಗಿದ್ದರೆ ಅದರಿಂದ ನೀರನ್ನು ಎಳೆದುಕೊಳ್ಳುತ್ತದೆ. ರೇಡಿಯೇಟರ್ ಒಳಗಿನ ಕೂಲರ್ ಸೋರಿದರೂ ಹೀಗಾಗುತ್ತದೆ.

ಗೇರನ್ನು ಡಿ (ಡ್ರೈವ್) ಗೆ ಹಾಕಿದ ಮೇಲೆ ಗಾಡಿ ತಡವಾಗಿ ಹಿಡಿಯುವುದು, ಗೇರ್ ಬದಲಾಗುವಾಗ ಎಂಜಿನ್ ಸುಮ್ಮನೆ ಕೂಗುವುದು ಎಣ್ಣೆಯ ಒತ್ತಡ ಕಡಿಮೆಯಾದ ಲಕ್ಷಣ. ಮೊದಲು ಮಟ್ಟ ನೋಡಿಸಿ. ಎಷ್ಟೋ ಹೊಸ ಮಾದರಿಗಳಲ್ಲಿ ಅಳೆಯುವ ಕಡ್ಡಿಯೇ ಇಲ್ಲ, ಎಣ್ಣೆ ನಿಗದಿತ ಬಿಸಿಗೆ ಬಂದಾಗ ಕೆಳಗಿನ ಪ್ಲಗ್ ತೆಗೆದು ನೋಡಬೇಕು. ಒತ್ತಡವನ್ನು ಹಂಚುವ ವಾಲ್ವ್ ಬಾಡಿಯಲ್ಲಿ ಕೂದಲಿಗಿಂತ ಕಿರಿದಾದ ಸಂದುಗಳಿರುತ್ತವೆ, ಒಂದು ಕಸ ಸಿಕ್ಕರೂ ವಾಲ್ವ್ ಜಾಮ್. ಹೈಡ್ರಾಲಿಕ್ ಪಂಪು, ವಾಲ್ವು ಮಾಡುವ ಮಚ್ಛೆ, ಉದ್ಯಮಬಾಗದ ಕೆಲಸಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಘಾಟಿನಲ್ಲಿ ಓಡಾಡುವವರಿಗೆ ಒಂದು ಮಾತು. ಆಟೋಮ್ಯಾಟಿಕ್ ಪಿಕಪ್ ನಡುದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಊರಿನವರೆಗೆ ಎಳೆಸಬೇಡಿ. ಒಳಗಿನ ಎಣ್ಣೆ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಾಗ ಚಕ್ರ ಉರುಳಿದರೆ ಗೇರುಗಳು ಎಣ್ಣೆಯಿಲ್ಲದೆ ತಿರುಗಿ ಸುಡುತ್ತವೆ. ತಡವಾದರೂ ಸರಿ, ಗಾಡಿಯನ್ನು ಪೂರ್ತಿ ಮೇಲೆ ಹೇರಿಕೊಂಡು ಹೋಗುವ ವಾಹನವನ್ನೇ ಕರೆಸಿ.