ಅರ್ಜಿ ನಮೂನೆಗೂ ಬೇಕು ಒಂದು ಅಚ್ಚು



ಮಂಡ್ಯದ ಗುತ್ತಲಿನ ರೈತರೊಬ್ಬರಿಗೆ ತಮ್ಮ ಜಮೀನಿನ ಪಹಣಿ ನೋಡಬೇಕಾಗಿದೆ ಎಂದುಕೊಳ್ಳಿ. ರಾಜ್ಯ ಸರ್ಕಾರದ 'ಭೂಮಿ' ಯೋಜನೆಯ ಅಂತರಜಾಲ ಪುಟವನ್ನು ತೆರೆದರೆ ಅದು ಒಂದೊಂದಾಗಿ ಕೇಳುತ್ತದೆ: ಜಿಲ್ಲೆ ಯಾವುದು? ತಾಲ್ಲೂಕು? ಹೋಬಳಿ? ಗ್ರಾಮ? ಸರ್ವೆ ನಂಬರ್? ಜಿಲ್ಲೆಯ ಪಟ್ಟಿಯಲ್ಲಿ ಮಂಡ್ಯವನ್ನು ಆರಿಸಿದರೆ ತಾಲ್ಲೂಕಿನ ಪಟ್ಟಿಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಏಳು ಹೆಸರುಗಳು ಬರುತ್ತವೆ. ಮದ್ದೂರನ್ನು ಆರಿಸಿದರೆ ಮದ್ದೂರಿನ ಹೋಬಳಿಗಳು, ಮಳವಳ್ಳಿಯನ್ನು ಆರಿಸಿದರೆ ಮಳವಳ್ಳಿಯವು. ಈ ಏರ್ಪಾಡನ್ನು ಯಾರು, ಹೇಗೆ ಬರೆಯುತ್ತಾರೆ? ನೀವು ಯೋಚಿಸಿದ್ದೀರಾ?

ಅಂತರಜಾಲದ ಪುಟಗಳನ್ನು ಬರೆಯುವ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. 1995ರಲ್ಲಿ ಪ್ರಕಟವಾದ ಅದರ 2.0 ಆವೃತ್ತಿಯಲ್ಲೇ ಅರ್ಜಿ ನಮೂನೆಗೆ, ಅಂದರೆ 'ಫಾರ್ಮ್'ಗೆ ಬೇಕಾದ ಗುರುತುಗಳಿದ್ದವು. ಆದರೆ ಏಳು ತಾಲ್ಲೂಕಿಗೆ ಏಳು ಸಾಲು, ನೂರು ಗ್ರಾಮಕ್ಕೆ ನೂರು ಸಾಲು ಕೈಯಿಂದಲೇ ಬರೆಯಬೇಕು. ಒಂದು ಗುರುತು ತಪ್ಪಿದರೂ ನಮೂನೆ ಕೆಡಬಹುದು.

ನಮ್ಮ ಆಲೆಮನೆಯನ್ನು ನೆನೆಯಿರಿ. ಅಲ್ಲಿ ಬೆಲ್ಲದ ಒಂದೊಂದು ತುಂಡನ್ನೂ ಯಾರೂ ಕೈಯಿಂದ ತಿದ್ದಿ ತೀಡುವುದಿಲ್ಲ. ಪಾಕವನ್ನು ಅಚ್ಚಿಗೆ ಸುರಿಯುತ್ತಾರೆ. ಗಣಕದಲ್ಲಿ ಇಂಥ ಅಚ್ಚುಗಳ ಸಂಗ್ರಹಕ್ಕೆ 'ಸಹಾಯಕ ಲೈಬ್ರರಿ' ಎನ್ನುತ್ತಾರೆ. ಇದು ಪುಸ್ತಕಗಳ ಗ್ರಂಥಾಲಯವಲ್ಲ. ಒಬ್ಬರು ಬರೆದು, ಪರೀಕ್ಷಿಸಿ, ಎಲ್ಲರ ಬಳಕೆಗೆ ಇಟ್ಟ ಪ್ರೋಗ್ರಾಂ ತುಣುಕುಗಳ ಕಣಜ. ನೀವು ತಾಲ್ಲೂಕುಗಳ ಹೆಸರನ್ನು ಕೊಟ್ಟರೆ ಸಾಕು, ಆಯ್ಕೆಯ ಪಟ್ಟಿಯನ್ನು ಅದೇ ಬರೆದುಕೊಡುತ್ತದೆ.

1990ರ ದಶಕದಲ್ಲಿ ಲಿಂಕನ್ ಸ್ಟೈನ್ ಎಂಬ ವಿಜ್ಞಾನಿ ಪರ್ಲ್ ಭಾಷೆಗೆ ಸಿಜಿಐ.ಪಿಎಂ ಎಂಬ ಇಂಥದೊಂದು ಲೈಬ್ರರಿಯನ್ನು ರಚಿಸಿದರು. ಬಹುಕಾಲ ಪರ್ಲ್‌ನ ಜೊತೆಗೇ ದೊರೆಯುತ್ತಿದ್ದ ಅದನ್ನು 2015ರ 5.22 ಆವೃತ್ತಿಯಲ್ಲಿ ಹೊರಗಿಡಲಾಯಿತು. ಆದರೆ ಅದರ ಹಿಂದಿನ ಆಲೋಚನೆ ಹಳತಾಗಲಿಲ್ಲ. 2004ರಲ್ಲಿ ಬಂದ ರೈಲ್ಸ್, 2005ರಲ್ಲಿ ಬಂದ ಜಾಂಗೋ ಮೊದಲಾದವು ಅದೇ ಕೆಲಸವನ್ನು ಹೊಸ ರೀತಿಯಲ್ಲಿ ಮಾಡುತ್ತಿವೆ.

ಶ್ರಮ ಉಳಿಯುವುದಷ್ಟೇ ಇದರ ಲಾಭವಲ್ಲ. ನೀವು ಇಪ್ಪತ್ತು ಕಲಂ ತುಂಬಿ ಒಂದರಲ್ಲಿ ಮಾತ್ರ ತಪ್ಪಿದ್ದೀರಿ ಎನ್ನೋಣ. ಒಳ್ಳೆಯ ಲೈಬ್ರರಿ ಉಳಿದ ಹತ್ತೊಂಬತ್ತನ್ನು ಹಾಗೆಯೇ ಉಳಿಸಿಕೊಂಡು, ತಪ್ಪಿದ್ದನ್ನು ಮಾತ್ರ ತೋರಿಸಲು ನೆರವಾಗುತ್ತದೆ. ಹೆಸರಿನ ಜಾಗದಲ್ಲಿ ಯಾರಾದರೂ ಕಿಡಿಗೇಡಿತನದಿಂದ ಎಚ್‌ಟಿಎಂಎಲ್ ಗುರುತುಗಳನ್ನು ತುಂಬಿದರೆ, ಅವು ಆಜ್ಞೆಯಾಗಿ ಕೆಲಸ ಮಾಡದೆ ಬರಿಯ ಅಕ್ಷರಗಳಾಗಿ ಕಾಣುವಂತೆ ಮಾಡುತ್ತದೆ. ಪ್ರತಿ ಖಾನೆಗೂ ಅದರ ಹೆಸರನ್ನು ಸರಿಯಾಗಿ ಜೋಡಿಸಿದರೆ, ದೃಷ್ಟಿಯಿಲ್ಲದವರ ಗಣಕ ಅದನ್ನು ಓದಿ ಹೇಳಬಲ್ಲದು.

ಪುಟದ ಮೇಲಿರುವ 'ಮುಖಪುಟ, ಸೇವೆಗಳು, ಸಂಪರ್ಕ' ಎಂಬ ಮೆನುವಿಗೂ ಇದೇ ನ್ಯಾಯ. ಪಟ್ಟಿಯನ್ನು ಒಂದೇ ಕಡೆ ಬರೆದಿಟ್ಟರೆ ಲೈಬ್ರರಿ ಅದನ್ನು ಎಲ್ಲ ಪುಟಗಳಲ್ಲೂ ಮೂಡಿಸುತ್ತದೆ. ನೀವು ಈಗ ಯಾವ ಪುಟದಲ್ಲಿದ್ದೀರಿ ಎಂಬುದನ್ನೂ ಗುರುತಿಸಿ ತೋರಿಸುತ್ತದೆ. ಹೊಸ ಸೇವೆ ಬಂದಾಗ ಐವತ್ತು ಪುಟ ತಿದ್ದಬೇಕಾಗಿಲ್ಲ, ಒಂದು ಸಾಲು ಸೇರಿಸಿದರಾಯಿತು.

ಹಾಗಾದರೆ ಎಲ್ಲವನ್ನೂ ಲೈಬ್ರರಿಗೇ ಬಿಟ್ಟುಬಿಡಬಹುದೇ? ಇಲ್ಲ. ಅಚ್ಚು ಸೊಟ್ಟಗಿದ್ದರೆ ಅಷ್ಟು ಬೆಲ್ಲವೂ ಸೊಟ್ಟ. ಪಾಕ ಕೆಟ್ಟಿದ್ದರೆ ಅಚ್ಚು ಏನೂ ಮಾಡಲಾರದು. ನಮ್ಮ ಕಡೆ ಅನೇಕರಿಗೆ ಮನೆತನದ ಹೆಸರಿಲ್ಲ. ಹೆಸರಿನ ಜೊತೆಗೆ ಊರಿನದೋ ತಂದೆಯದೋ ಇನಿಷಿಯಲ್ ಇರುತ್ತದೆ, ಅಷ್ಟೆ. ನಮೂನೆ ಬರೆದವರು 'ಮನೆತನದ ಹೆಸರು ಕಡ್ಡಾಯ' ಎಂದುಬಿಟ್ಟರೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಹುಡುಗಿ ಏನು ಮಾಡಬೇಕು? ತನ್ನ ಹೆಸರನ್ನೇ ಎರಡು ಸಲ ಬರೆಯುತ್ತಾಳೆ. ಆಮೇಲೆ ಅದು ಅಂಕಪಟ್ಟಿಯ ಹೆಸರಿಗೆ ಹೊಂದುವುದಿಲ್ಲ, ಅರ್ಜಿ ಹಿಂದಕ್ಕೆ ಬರುತ್ತದೆ. ತಪ್ಪು ಹುಡುಗಿಯದೂ ಅಲ್ಲ, ಲೈಬ್ರರಿಯದೂ ಅಲ್ಲ. ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಕಡ್ಡಾಯ ಮಾಡಬೇಕು ಎಂಬ ವಿವೇಚನೆ ಬರೆಯುವವನದೇ.

ಇನ್ನೊಂದು ಎಚ್ಚರ. ಪಟ್ಟಿಯಲ್ಲಿ ಏಳೇ ತಾಲ್ಲೂಕುಗಳಿದ್ದರೂ, ಬಲ್ಲವನು ಎಂಟನೆಯ ಹೆಸರನ್ನು ಸೃಷ್ಟಿಸಿ ಕಳುಹಿಸಬಲ್ಲ. ಆದ್ದರಿಂದ ಬಂದ ಮಾಹಿತಿಯನ್ನು ಸ್ವೀಕರಿಸುವ ಗಣಕ, ಅಂದರೆ ಸರ್ವರ್, ಅದನ್ನು ಮತ್ತೊಮ್ಮೆ ಪರೀಕ್ಷಿಸಲೇಬೇಕು.

ನೀವೇ ಪ್ರಯತ್ನಿಸಿ ನೋಡಿ. ನಿಮ್ಮ ಶಾಲೆಯ ಪ್ರವೇಶ ಅರ್ಜಿಯನ್ನು ಮೊದಲು ಎಚ್‌ಟಿಎಂಎಲ್‌ನಲ್ಲಿ ಕೈಯಿಂದಲೇ ಬರೆಯಿರಿ. ಬಳಿಕ ಒಂದು ಲೈಬ್ರರಿಯಿಂದ ಬರೆಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. ಅಚ್ಚಿನೊಳಗೆ ಏನಿದೆ ಎಂಬುದು ಆಗ ತಿಳಿಯುತ್ತದೆ. ಕೊನೆಗೆ ನಿಮ್ಮ ಅಜ್ಜಿಯನ್ನೋ ತಾತನನ್ನೋ ಕೂರಿಸಿ ಆ ನಮೂನೆಯನ್ನು ತುಂಬಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನೀವು ತಿದ್ದಬೇಕಾದದ್ದು ಇದೆ.