ಹ್ಯಾಂಡ್ ಬ್ರೇಕ್ ಇಳಿಸಲು ಮರೆತರೆ...

ಕಾರು ಹೊರಟು ಎರಡು ಕಿಲೋಮೀಟರ್ ಆಗಿದೆ. ಆಕ್ಸಿಲರೇಟರ್ ಒತ್ತಿದರೂ ಎಂದಿನ ಓಟವಿಲ್ಲ. ಹಿಂದಿನಿಂದ ಏನೋ ಸುಟ್ಟ ವಾಸನೆ. ನೋಡಿದರೆ, ಹ್ಯಾಂಡ್ ಬ್ರೇಕ್ ಇಳಿಸಿಯೇ ಇಲ್ಲ! ಪಳಗಿದ ಚಾಲಕರೂ ಮಾಡುವ ತಪ್ಪಿದು.

ಹಿಂದೆ ಡ್ರಮ್ ಬ್ರೇಕ್ ಇರುವ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಎಳೆದಾಗ ಉಕ್ಕಿನ ಕೇಬಲ್ ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತಿ ಹಿಡಿಯುತ್ತದೆ. ಹಾಗೆಯೇ ಕಾರು ಓಡಿಸಿದರೆ ಘರ್ಷಣೆಯಿಂದ ಶಾಖ ಹುಟ್ಟುತ್ತದೆ. ಬ್ರೇಕಿನ ತಡೆ ಬರೀ 300 ನ್ಯೂಟನ್ ಎಂದಿಟ್ಟುಕೊಂಡರೂ ಕಿಲೋಮೀಟರಿಗೆ 3 ಲಕ್ಷ ಜೂಲ್! ಒಂದು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಅಷ್ಟು ಸಾಕು.

ಲೈನಿಂಗ್ ಸವೆಯುತ್ತದೆ, ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಇದು ದುಡ್ಡಿನ ನಷ್ಟ. ನಿಜವಾದ ಅಪಾಯ ಬೇರೆಯೇ ಇದೆ. ಅದೇ ಡ್ರಮ್ಮಿನೊಳಗಿನ ಸಿಲಿಂಡರಿನಲ್ಲಿ ಬ್ರೇಕ್ ಆಯಿಲ್ ಇರುತ್ತದೆ. ಡಾಟ್-3 ದರ್ಜೆಯ ಹೊಸ ಆಯಿಲ್‌ಗೆ ನಿಗದಿಯಾದ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಆಯಿಲ್‌ಗೆ 140. ಕುದಿದಾಗ ಏಳುವ ಆವಿಯ ಗುಳ್ಳೆಗಳು ಒತ್ತಿದರೆ ಕುಗ್ಗುತ್ತವೆಯೇ ಹೊರತು, ದ್ರವದಂತೆ ಒತ್ತಡವನ್ನು ಗಾಲಿಗೆ ಮುಟ್ಟಿಸುವುದಿಲ್ಲ. ಪೆಡಲ್ ಕೆಳಗಿಳಿದರೂ ಬ್ರೇಕ್ ಹಿಡಿಯದಿರಬಹುದು. ಘಾಟಿ ಇಳಿಯುವಾಗ ಹೀಗಾದರೆ?

ಗಮನಕ್ಕೆ ಬಂದೊಡನೆ ಕಾರನ್ನು ಬದಿಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಇಳಿಸಿ, ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಿ. ಕಾದ ಡ್ರಮ್ ಮುಟ್ಟಬೇಡಿ, ನೀರೂ ಹುಯ್ಯಬೇಡಿ. ಎರಕದ ಕಬ್ಬಿಣ ಬಿರುಕು ಬಿಟ್ಟೀತು. ತಾನಾಗಿ ಆರಲಿ. ಬಳಿಕವೂ ಪೆಡಲ್ ಮೆತ್ತಗಿದ್ದರೆ ಮೆಕ್ಯಾನಿಕ್ ನೋಡುವವರೆಗೆ ಹೊರಡಬೇಡಿ. ಡ್ಯಾಷ್‌ಬೋರ್ಡಿನ ಬ್ರೇಕ್ ದೀಪ ಆರಿದ ಮೇಲೆಯೇ ಕ್ಲಚ್ ಬಿಡುವುದು ರೂಢಿಯಾದರೆ ಇಷ್ಟೆಲ್ಲ ತಾಪತ್ರಯವೇ ಇಲ್ಲ.